ಗೋಡೆಯಾಚೆ ಕಿವಿಯಿಟ್ಟ ಫೋರ್ಜೆಟ್

ಮುಂಬೈಯ ಮಲಾಡ್‌ನಲ್ಲಿ ಲೋಕಲ್ ಹತ್ತಿ ಮರೀನ್ ಲೈನ್ಸ್‌ನಲ್ಲಿ ಇಳಿಯಿರಿ. ಪಕ್ಕದಲ್ಲೇ ಸೋನಾಪುರ. 1857ರಲ್ಲಿ ಇಲ್ಲಿನ ಒಂದು ಮನೆಯಲ್ಲಿ ಸಿಪಾಯಿಗಳು ಗುಟ್ಟಾಗಿ ಸೇರಿ ದಂಗೆಯ ಮಾತಾಡುತ್ತಿದ್ದರು. ಗೋಡೆಯಾಚೆ ವೇಷ ಮರೆಸಿಕೊಂಡು, ಉಸಿರು ಬಿಗಿಹಿಡಿದು ಎಲ್ಲವನ್ನೂ ಕೇಳಿಸಿಕೊಂಡವನು ಪೊಲೀಸ್ ಅಧಿಕಾರಿ ಚಾರ್ಲ್ಸ್ ಫೋರ್ಜೆಟ್.

ಹುಟ್ಟಿದ್ದು ಭಾರತದಲ್ಲೇ. ಮೊದಲು ಸರ್ವೆ ಕೆಲಸ, ಆಮೇಲೆ ಮರಾಠಿ, ಹಿಂದೂಸ್ತಾನಿಯ ಸರ್ಕಾರಿ ಅನುವಾದಕ. ನಮ್ಮ ಬೆಳಗಾವಿ, ಧಾರವಾಡ ಸೀಮೆ ಸೇರಿದ್ದ ದಕ್ಷಿಣ ಮರಾಠಾ ಪ್ರಾಂತ್ಯದಲ್ಲೂ ಪೊಲೀಸ್ ಚಾಕರಿ. ಬಜಾರಿನ ಮಾತು ಅವನಿಗೆ ನೀರು ಕುಡಿದಷ್ಟು ಸಲೀಸು. ಜಾಣ್ಮೆ ದೊಡ್ಡದೇ, ಆದರೆ ಅದಕ್ಕೆ ಬೆಲೆ ತೆತ್ತವರು ನಮ್ಮವರು.

ಅದೇ ವರ್ಷ ಅಕ್ಟೋಬರ್ 15ರಂದು, ಆ ಸಂಚಿನಲ್ಲಿ ಸಿಕ್ಕಿಬಿದ್ದ ಸಿಪಾಯಿಗಳಾದ ಸೈಯದ್ ಹುಸೇನ್, ಮಂಗಲ್ ಗಾಡಿಯಾ ಇಬ್ಬರನ್ನೂ ಎಸ್ಪ್ಲನೇಡ್ ಬಯಲಿನಲ್ಲಿ ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದರು. ಇಂದಿನ ಆಜಾದ್ ಮೈದಾನ ಆ ಬಯಲಿನದೇ ಒಂದು ತುಂಡು. ಫೋರ್ಜೆಟ್ ಹೆಸರಿನ ರಸ್ತೆ ತಾಡದೇವ್‌ನಲ್ಲಿದೆ.