ಮುರಿದ ಸ್ಟಡ್: ಅವಸರ ಮಾಡಿದರೆ ಅಪಾಯ

ಬಂಗಾರಪೇಟೆ–ಕೆಜಿಎಫ್ ರಸ್ತೆಯಲ್ಲಿ ಪಂಕ್ಚರ್ ಆದ ಕಾರಿನ ಚಕ್ರ ಬಿಚ್ಚುವಾಗ ಒಂದು ಸ್ಟಡ್ ಮುರಿಯಿತೆನ್ನಿ. 'ಒಂದು ತಾನೇ, ಉಳಿದ ಮೂರು ಇವೆಯಲ್ಲ' ಎಂದು ಮಾಲೀಕರು ಹಾಗೆಯೇ ಬೆಂಗಳೂರಿನತ್ತ ಹೊರಡುವುದುಂಟು. ಅಪಾಯ ಆರಂಭವಾಗುವುದೇ ಅಲ್ಲಿ.

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದರೂ ಕೆಜಿಎಫ್‌ನಲ್ಲಿ ಯಂತ್ರಗಳ ಸದ್ದು ಅಡಗಲಿಲ್ಲ. 1964ರಲ್ಲಿ ಸ್ಥಾಪನೆಗೊಂಡ ಬಿಇಎಂಎಲ್ ಸಂಸ್ಥೆಯ ಇಲ್ಲಿನ ಘಟಕದಲ್ಲಿ ಮಣ್ಣು ಅಗೆಯುವ ಭಾರೀ ಯಂತ್ರಗಳು ತಯಾರಾಗುತ್ತವೆ. ಅಂತಹ ಯಂತ್ರಕ್ಕಾಗಲಿ, ಮನೆಯ ಕಾರಿಗಾಗಲಿ ಸ್ಟಡ್‌ನ ನಿಯಮ ಒಂದೇ.

ಸ್ಟಡ್ ಕೆಲಸ ಮಾಡುವುದು ಬಿಗಿಯಾಗಿ ಎಳೆದ ಸ್ಪ್ರಿಂಗ್‌ನಂತೆ. ನಟ್ ಬಿಗಿಸಿದಾಗ ಅದು ಅತ್ಯಲ್ಪ ಹಿಗ್ಗಿ, ಚಕ್ರವನ್ನು ಹಬ್‌ಗೆ ಒತ್ತಿ ಹಿಡಿಯುತ್ತದೆ. ಅತಿಯಾಗಿ ಬಿಗಿಸಿದರೆ ಸಾಮರ್ಥ್ಯ ಮೀರಿ ಹಿಗ್ಗಿ ತುಂಡಾಗುತ್ತದೆ. ಸಡಿಲವಿದ್ದರೆ ಪ್ರತಿ ಸುತ್ತಿಗೂ ಬಾಗಿ ದಣಿದು ಮುರಿಯುತ್ತದೆ. ಒಂದು ಮುರಿದಾಗ ಅದರ ಹೊರೆ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಆದ್ದರಿಂದ ನೆರೆಯ ಸ್ಟಡ್‌ಗಳನ್ನೂ ಬದಲಿಸುವುದು ಕ್ಷೇಮ. ಎರಡು ಮುರಿದಿದ್ದರೆ ಆ ಚಕ್ರದ ಎಲ್ಲವನ್ನೂ ಬದಲಿಸಬೇಕು.

ಬಹುತೇಕ ಕಾರುಗಳಲ್ಲಿ ಚಕ್ರದ ಸ್ಟಡ್ ಹಬ್‌ನ ಹಿಂಬದಿಯಿಂದ ಒತ್ತಿ ಕೂರಿಸಿದ್ದಾಗಿರುತ್ತದೆ. ವಾಹನವನ್ನು ಜಾಕ್ ಜತೆಗೆ ಸ್ಟ್ಯಾಂಡ್ ಮೇಲೂ ನಿಲ್ಲಿಸಿ, ಡ್ರಮ್ ಅಥವಾ ಡಿಸ್ಕ್ ತೆಗೆದು, ಮುರಿದ ತುಂಡನ್ನು ಹಿಂದಕ್ಕೆ ಒತ್ತಿ ತೆಗೆಯಬೇಕು. ಸುತ್ತಿಗೆಯಿಂದ ಜೋರಾಗಿ ಬಡಿದರೆ ಬೇರಿಂಗ್‌ಗೆ ಪೆಟ್ಟು ಬೀಳಬಹುದು. ಪ್ರೆಸ್ ಇದ್ದರೆ ಉತ್ತಮ.

ಎಂಜಿನ್‌ನ ಸ್ಟಡ್ ಮುರಿದರೆ ಕೆಲಸ ಇನ್ನೂ ಸೂಕ್ಷ್ಮ. ಸೈಲೆನ್ಸರ್ ಪೈಪ್ ಸೇರುವ ಕಡೆ ಶಾಖ ಮತ್ತು ತುಕ್ಕಿನಿಂದ ಅದು ಕಚ್ಚಿಕೊಂಡಿರುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಕೆಲವು ಗಂಟೆ ಬಿಡಬೇಕು. ತುಂಡು ಹೊರಗೆ ಚಾಚಿದ್ದರೆ ಅದಕ್ಕೆ ನಟ್ ವೆಲ್ಡ್ ಮಾಡಿ ತಿರುಗಿಸಬಹುದು. ವೆಲ್ಡಿಂಗ್‌ನ ಶಾಖವೂ ಹಿಡಿತ ಬಿಡಿಸುತ್ತದೆ. ಒಳಗೇ ಮುರಿದಿದ್ದರೆ ನಡುವಿಗೆ ಸರಿಯಾಗಿ ಪಂಚ್ ಗುರುತು ಹಾಕಿ, ಸಣ್ಣ ಡ್ರಿಲ್‌ನಿಂದ ಆರಂಭಿಸಬೇಕು. ಎಡಕ್ಕೆ ತಿರುಗುವ ಬಿಟ್ ಬಳಸಿದರೆ ಕೆಲವೊಮ್ಮೆ ತುಂಡು ತಾನೇ ಕಳಚಿ ಬರುತ್ತದೆ. ಎಕ್ಸ್‌ಟ್ರಾಕ್ಟರ್ ಬಳಸುವಾಗ ಬಲ ಪ್ರಯೋಗ ಬೇಡ. ಅದು ಗಟ್ಟಿಯಾದರೂ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಆಗ ನೂರು ರೂಪಾಯಿಯ ಕೆಲಸ ಸಾವಿರಗಳಿಗೆ ಏರುತ್ತದೆ. ಥ್ರೆಡ್ ಹಾಳಾಗಿದ್ದರೆ ತಂತಿಸುರುಳಿಯ ಇನ್ಸರ್ಟ್ ಹಾಕಿ ಹೊಸ ಥ್ರೆಡ್ ಪಡೆಯಬಹುದು.

ಹೊಸ ಸ್ಟಡ್‌ನ ಅಳತೆ, ಥ್ರೆಡ್ ಮತ್ತು ದರ್ಜೆ ಹಳೆಯದಕ್ಕೆ ಹೊಂದಬೇಕು. ಚಕ್ರದ ನಟ್‌ಗಳನ್ನು ಎದುರುಬದುರಾಗಿ, ಕೈಪಿಡಿಯ ಪ್ರಮಾಣಕ್ಕೆ ಟಾರ್ಕ್ ವ್ರೆಂಚ್‌ನಿಂದ ಬಿಗಿಸಬೇಕು. ಕೈಪಿಡಿ ಹೇಳದ ಹೊರತು ಥ್ರೆಡ್‌ಗೆ ಎಣ್ಣೆ ಸವರಬಾರದು. ಘರ್ಷಣೆ ಇಳಿದು ಅದೇ ಬಲಕ್ಕೆ ಸ್ಟಡ್ ಹೆಚ್ಚು ಹಿಗ್ಗುತ್ತದೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿತ ಪರೀಕ್ಷಿಸಿ.

ಮುರಿಯುವುದು ಬಿಚ್ಚುವ ದಿನ. ತಪ್ಪು ನಡೆದಿರುವುದು ಹಲವು ಬಾರಿ ಹಿಂದಿನ ಸಲ ಬಿಗಿಸಿದ ದಿನ. ಉದ್ದನೆಯ ಪೈಪ್ ಸಿಕ್ಕಿಸಿ, ಕಾಲಿನಿಂದ ತುಳಿದು ನಟ್ ಬಿಗಿಸುವವರನ್ನು ಕಂಡರೆ ಮಾಲೀಕರು ಅಲ್ಲಿಯೇ ತಡೆಯಬೇಕು.