ಪ್ಯಾಚ್ ಹಾಕುವ ಮುನ್ನ ಲಿಬ್‌ಗಿಟ್2 ಕೇಳುವ ಪ್ರಶ್ನೆಗಳು

ಟರ್ಮಿನಲ್ ಮುಂದೆ ಕೂತು ಗಿಟ್‌ನಲ್ಲಿ ಪ್ಯಾಚ್ ಹಾಕುವವರಿಗೆ ಒಂದು ಅನುಕೂಲವಿದೆ: ಎಡವಟ್ಟಾದರೆ ಅಲ್ಲೇ ಕಾಣುತ್ತದೆ, ಅಲ್ಲೇ ಸರಿಪಡಿಸಬಹುದು. ನಾವೇ ಬರೆದ ಪ್ರೋಗ್ರಾಮು ನಮ್ಮ ಪರವಾಗಿ ಪ್ಯಾಚ್ ಹಾಕುವಾಗ ಈ ಅನುಕೂಲ ಇರುವುದಿಲ್ಲ. ಎಲ್ಲಿಗೆ ಹಾಕಬೇಕು, ಯಾವ ಫೈಲ್ ಮುಟ್ಟಬಾರದು, ಅರ್ಧ ಹೊಂದಿ ಅರ್ಧ ಹೊಂದದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಮೊದಲೇ ಕೋಡ್‌ನಲ್ಲಿ ಬರೆದಿಡಬೇಕು. ಲಿಬ್‌ಗಿಟ್2 ಲೈಬ್ರರಿಯಲ್ಲಿ ಇದಕ್ಕೆಂದೇ ‘ಗಿಟ್ ಅಪ್ಲೈ ಆಪ್ಷನ್ಸ್’ ಎಂಬ ಪುಟ್ಟ ಸ್ಟ್ರಕ್ಟ್ ಇದೆ. ಅದರಲ್ಲಿರುವುದು ಬೆರಳೆಣಿಕೆಯ ಫೀಲ್ಡ್‌ಗಳು. ಆದರೆ ಅವುಗಳ ನಡವಳಿಕೆ ಗೊತ್ತಿಲ್ಲದೆ ಬಳಸಿದರೆ ಪ್ಯಾಚ್ ಸದ್ದಿಲ್ಲದೆ ತಪ್ಪು ಜಾಗಕ್ಕೆ ಹೋಗಿ ಕೂರುತ್ತದೆ.

ಲಿಬ್‌ಗಿಟ್2 ಸಿ ಭಾಷೆಯಲ್ಲಿದೆ. ಇದು ಗಿಟ್ ಕಮಾಂಡನ್ನು ಒಳಗಿಂದ ಕರೆಯುವ ಹೊದಿಕೆಯಲ್ಲ, ಗಿಟ್‌ನ ಕೆಲಸಗಳನ್ನು ಬೇರೆಯಾಗಿಯೇ ಬರೆದ ಲೈಬ್ರರಿ. ಪೈಥಾನ್‌ನವರು ಪೈಗಿಟ್2 ಮೂಲಕ, ರೂಬಿಯವರು ರಗ್ಗಡ್ ಮೂಲಕ ಇದನ್ನೇ ಬಳಸುತ್ತಾರೆ. ರಸ್ಟ್‌ನ ಪ್ಯಾಕೇಜ್ ಮ್ಯಾನೇಜರ್ ಕಾರ್ಗೋ ಒಳಗೂ ಇದು ಇದೆ. ಬೇರೆಯಾಗಿ ಬರೆದದ್ದು ಎಂಬ ಮಾತನ್ನು ನೆನಪಿಟ್ಟುಕೊಳ್ಳಿ. ಗಿಟ್ ಅಪ್ಲೈ ಕಮಾಂಡಿಗೆ ಇರುವ ಆಯ್ಕೆಗಳೆಲ್ಲ ಇಲ್ಲೂ ಇರುತ್ತವೆ ಎಂದುಕೊಂಡು ಬಂದವರಿಗೆ ನಿರಾಸೆಯಾಗುತ್ತದೆ.

ಮೊದಲು ಪ್ಯಾಚ್ ಎಂದರೆ ಏನೆಂದು ಹತ್ತಿರದಿಂದ ನೋಡೋಣ. ಹೋಟೆಲಿನ ದರಪಟ್ಟಿಯ ಫೈಲ್ ಒಂದಿದೆ ಎಂದುಕೊಳ್ಳಿ. ಅದರ ಬದಲಾವಣೆ ಹೀಗಿರುತ್ತದೆ:

@@ -2,3 +2,4 @@
 ಇಡ್ಲಿ 40
-ವಡೆ 30
+ವಡೆ 35
+ಖಾರಾಬಾತ್ 45
 ಕಾಫಿ 20

ಹಳೆಯ ಫೈಲಿನ 2ನೇ ಸಾಲಿನಿಂದ 3 ಸಾಲು ತೆಗೆದುಕೊಂಡು, ಹೊಸ ಫೈಲಿನ 2ನೇ ಸಾಲಿನಿಂದ 4 ಸಾಲು ಇಡಬೇಕು ಎಂದು ತಲೆಬರಹ ಹೇಳುತ್ತದೆ. ಆರಂಭದಲ್ಲಿ ಖಾಲಿ ಜಾಗವಿರುವ ಇಡ್ಲಿ, ಕಾಫಿ ಸಾಲುಗಳು ಬದಲಾಗುವುದಿಲ್ಲ, ಗುರುತಿಗಾಗಿ ಮಾತ್ರ ಇವೆ. ಅವು ಫೈಲಿನಲ್ಲಿ ಹೇಳಿದ ಜಾಗದಲ್ಲಿ ಹಾಗೇ ಸಿಕ್ಕಿದರೆ ಮಾತ್ರ ಲಿಬ್‌ಗಿಟ್2ನಲ್ಲಿ ಬದಲಾವಣೆ ಹೊಂದುತ್ತದೆ. ಈ ಒಂದು ತುಂಡಿಗೆ ಹಂಕ್ ಎನ್ನುತ್ತಾರೆ. ಒಂದು ಫೈಲಿನ ಹಂಕ್‌ಗಳೆಲ್ಲ ಸೇರಿ ಒಂದು ಡೆಲ್ಟಾ, ಡೆಲ್ಟಾಗಳೆಲ್ಲ ಸೇರಿ ಒಂದು ಡಿಫ್. ಇಮೇಲ್‌ನಲ್ಲೋ ಫೈಲ್‌ನಲ್ಲೋ ಪಠ್ಯವಾಗಿ ಬಂದ ಪ್ಯಾಚನ್ನು ‘ಗಿಟ್ ಡಿಫ್ ಫ್ರಮ್ ಬಫರ್’ ಎಂಬ ಫಂಕ್ಷನ್ನಿಗೆ ಕೊಟ್ಟರೆ ಅದು ಡಿಫ್ ಆಗಿ ಕೈಗೆ ಬರುತ್ತದೆ. ಅಲ್ಲಿಂದ ಮುಂದಿನದು ಅಪ್ಲೈ ಕೆಲಸ.

ಎಲ್ಲಿಗೆ ಹಾಕಬೇಕು ಎಂಬುದು ಮೊದಲ ಪ್ರಶ್ನೆ. ತಮಾಷೆಯೆಂದರೆ ಇದರ ಉತ್ತರ ಆಪ್ಷನ್ಸ್ ಸ್ಟ್ರಕ್ಟ್ ಒಳಗಿಲ್ಲ, ಅಪ್ಲೈ ಫಂಕ್ಷನ್ನಿಗೆ ಬೇರೆಯೇ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಮೂರು ಜಾಗಗಳಿವೆ. ವರ್ಕ್‌ಡಿರ್ ಎಂದರೆ ಡಿಸ್ಕಿನಲ್ಲಿ ಕಣ್ಣಿಗೆ ಕಾಣುವ ಫೈಲುಗಳು ಮಾತ್ರ ಬದಲಾಗುತ್ತವೆ. ಇದರ ಬೆಲೆ ಸೊನ್ನೆ, ಆದ್ದರಿಂದ ಏನೂ ಯೋಚಿಸದೆ ಸೊನ್ನೆ ಕೊಟ್ಟವರಿಗೆ ಸಿಗುವುದು ಇದೇ. ಇಂಡೆಕ್ಸ್ ಎಂದರೆ ಮುಂದಿನ ಕಮಿಟ್‌ಗೆ ಸಿದ್ಧವಾಗಿರುವ ಪಟ್ಟಿ ಮಾತ್ರ ಬದಲಾಗುತ್ತದೆ, ಡಿಸ್ಕಿನ ಫೈಲ್ ಇದ್ದ ಹಾಗೇ ಇರುತ್ತದೆ. ಕಮಾಂಡಿನ ಕ್ಯಾಶ್ಡ್ ಆಯ್ಕೆಗೆ ಇದು ಸಮ. ಬೋತ್ ಎಂದರೆ ಎರಡೂ ಒಟ್ಟಿಗೆ. ಇದರಲ್ಲಿ ಒಂದು ಕಟ್ಟುನಿಟ್ಟಿದೆ: ಪ್ಯಾಚ್ ಮುಟ್ಟುವ ಫೈಲ್ ಡಿಸ್ಕಿನಲ್ಲೂ ಇಂಡೆಕ್ಸ್‌ನಲ್ಲೂ ಒಂದೇ ರೀತಿ ಇರಬೇಕು. ಯಾರೋ ಎಡಿಟ್ ಮಾಡಿ ಸ್ಟೇಜ್ ಮಾಡದೆ ಬಿಟ್ಟಿದ್ದರೆ, ಇಂಡೆಕ್ಸಿಗೆ ಹೊಂದುತ್ತಿಲ್ಲ ಎಂದು ಹೇಳಿ ಲೈಬ್ರರಿ ಕೆಲಸ ನಿಲ್ಲಿಸುತ್ತದೆ. ಜನ ಬಳಸುತ್ತಿರುವ ರೆಪೊ ಆದರೆ ನಾನು ಬೋತ್ ಅನ್ನೇ ಆರಿಸುತ್ತೇನೆ. ಅದು ಕಿರಿಕಿರಿ ಮಾಡುತ್ತದೆ ನಿಜ, ಆದರೆ ಆ ಕಿರಿಕಿರಿಯಿಂದ ಇನ್ನೊಬ್ಬರ ಅರ್ಧ ಕೆಲಸ ಉಳಿಯುತ್ತದೆ.

ಇನ್ನು ಸ್ಟ್ರಕ್ಟ್‌ಗೆ ಬರೋಣ. ಮೊದಲ ಫೀಲ್ಡ್ ವರ್ಷನ್. ಸಿ ಭಾಷೆಯಲ್ಲಿ ಬರೆಯುವವರು ಇದಕ್ಕೆಂದೇ ಇರುವ ಇನಿಟ್ ಮ್ಯಾಕ್ರೋ ಬಳಸಿದರೆ ಮುಗಿಯಿತು. ಸ್ಟ್ರಕ್ಟನ್ನು ಬರೀ ಸೊನ್ನೆಯಿಂದ ತುಂಬಿ ಕಳಿಸಿದರೆ ವರ್ಷನ್ ತಪ್ಪು ಎಂದು ವಾಪಸ್ ಬರುತ್ತದೆ. ಏನೂ ಬದಲಿಸಬೇಕಿಲ್ಲ ಎನ್ನುವವರು ಸ್ಟ್ರಕ್ಟ್ ಬದಲು ನಲ್ ಕೊಡಬಹುದು.

ನಿಜವಾದ ತಿರುಳು ಇರುವುದು ಎರಡು ಕಾಲ್‌ಬ್ಯಾಕ್‌ಗಳಲ್ಲಿ. ಡೆಲ್ಟಾ ಕಾಲ್‌ಬ್ಯಾಕ್ ಪ್ರತಿ ಫೈಲಿಗೊಮ್ಮೆ, ಹಂಕ್ ಕಾಲ್‌ಬ್ಯಾಕ್ ಪ್ರತಿ ಹಂಕಿಗೊಮ್ಮೆ ಬರುತ್ತದೆ. ನಾವು ಹಿಂದಿರುಗಿಸುವ ಸಂಖ್ಯೆಯೇ ತೀರ್ಪು. ಸೊನ್ನೆ ಕೊಟ್ಟರೆ ಹಾಕು. ಸೊನ್ನೆಗಿಂತ ಹೆಚ್ಚು ಕೊಟ್ಟರೆ ಇದೊಂದನ್ನು ಬಿಟ್ಟು ಮುಂದಕ್ಕೆ ಹೋಗು. ಸೊನ್ನೆಗಿಂತ ಕಡಿಮೆ ಕೊಟ್ಟರೆ ಇಡೀ ಕೆಲಸವನ್ನೇ ನಿಲ್ಲಿಸು. ಯಶಸ್ಸಿಗೆ 1 ಹಿಂದಿರುಗಿಸುವ ಅಭ್ಯಾಸ ಇರುವವರು ಇಲ್ಲಿ ಜಾಗ್ರತೆ ವಹಿಸಬೇಕು. ಎಲ್ಲ ಫೈಲಿಗೂ 1 ಕೊಟ್ಟರೆ ಎರರ್ ಏನೂ ಬರುವುದಿಲ್ಲ, ಫಂಕ್ಷನ್ ಸಲೀಸಾಗಿ ಮುಗಿಯುತ್ತದೆ, ಒಂದು ಸಾಲೂ ಬದಲಾಗಿರುವುದಿಲ್ಲ.

ಬಿಡುವುದೋ ನಿಲ್ಲಿಸುವುದೋ ಎಂಬುದು ತಾಂತ್ರಿಕ ಪ್ರಶ್ನೆಯಲ್ಲ, ನಿಮ್ಮ ನೀತಿಯ ಪ್ರಶ್ನೆ. ಹೊರಗಿನವರಿಂದ ಬಂದ ಪ್ಯಾಚ್ ಬಿಲ್ಡ್ ಸ್ಕ್ರಿಪ್ಟನ್ನು ಮುಟ್ಟಿದೆ ಎಂದುಕೊಳ್ಳಿ. ಆ ಫೈಲನ್ನಷ್ಟೇ ಬಿಟ್ಟು ಉಳಿದದ್ದನ್ನು ಒಪ್ಪಿದರೆ, ಬರೆದವರು ಒಟ್ಟಾಗಿ ಯೋಚಿಸಿದ್ದ ಬದಲಾವಣೆ ಮುರುಕಾಗಿ ಒಳಬರುತ್ತದೆ. ಇಂಥಲ್ಲಿ ಪೂರ್ತಿ ನಿಲ್ಲಿಸುವುದೇ ಮೇಲು. ಬಿಟ್ಟು ಮುಂದುವರಿಯುವ ಆಯ್ಕೆ ಸಲ್ಲುವುದು ಮನುಷ್ಯರೇ ಕೂತು ತುಂಡು ತುಂಡಾಗಿ ಆರಿಸುವ ಕಡೆ. ಎಡಿಟರ್‌ಗಳಲ್ಲಿ ಒಂದೊಂದೇ ಹಂಕ್ ಆರಿಸಿ ಸ್ಟೇಜ್ ಮಾಡುವ ಸೌಲಭ್ಯ ನೋಡಿರುತ್ತೀರಿ. ಹಂಕ್ ಕಾಲ್‌ಬ್ಯಾಕ್ ಮತ್ತು ಇಂಡೆಕ್ಸ್ ಎರಡನ್ನೂ ಕೂಡಿಸಿದರೆ ಅಂಥದ್ದನ್ನು ಕಟ್ಟಬಹುದು.

ಡೆಲ್ಟಾ ಕಾಲ್‌ಬ್ಯಾಕ್‌ನಲ್ಲಿ ಫೈಲಿನ ದಾರಿ ಪರೀಕ್ಷಿಸುವಾಗ ಹಳೆಯ ದಾರಿ, ಹೊಸ ದಾರಿ ಎರಡನ್ನೂ ನೋಡಬೇಕು. ಹೆಸರು ಬದಲಿಸುವ ಪ್ಯಾಚ್‌ನಲ್ಲಿ ಹಳೆಯ ದಾರಿ ಅನುಮತಿಯಿರುವ ಫೋಲ್ಡರಿನಲ್ಲಿದ್ದು, ಹೊಸ ದಾರಿ ನಿಷೇಧಿತ ಜಾಗಕ್ಕೆ ಹೋಗಿರಬಹುದು. ಒಂದನ್ನೇ ನೋಡಿದರೆ ಬೇಲಿ ಹಾಕಿಯೂ ಪ್ರಯೋಜನವಿಲ್ಲ. ಫೈಲಿನ ಮೋಡ್ ಕೂಡ ಅಲ್ಲೇ ಸಿಗುತ್ತದೆ. 120000 ಎಂದಿದ್ದರೆ ಅದು ಮಾಮೂಲಿ ಫೈಲಲ್ಲ, ಇನ್ನೆಲ್ಲಿಗೋ ಕೈತೋರಿಸುವ ಸಿಂಬಾಲಿಕ್ ಲಿಂಕ್. ಗುರುತಿಲ್ಲದವರ ಪ್ಯಾಚ್‌ನಲ್ಲಿ ಇದು ಬಂದರೆ ನಾನಂತೂ ನಿಲ್ಲಿಸುತ್ತೇನೆ.

ಹಂಕ್ ಕಾಲ್‌ಬ್ಯಾಕ್‌ನ ಕೊರತೆ ಏನೆಂದರೆ, ಅದಕ್ಕೆ ಸಿಗುವುದು ಹಂಕ್‌ನ ಸಾಲಿನ ಲೆಕ್ಕ ಮತ್ತು ತಲೆಬರಹ ಮಾತ್ರ. ಯಾವ ಫೈಲಿನ ಹಂಕ್ ಎಂದು ಅದು ಹೇಳುವುದಿಲ್ಲ, ಒಳಗಿನ ಸಾಲುಗಳನ್ನೂ ಕೊಡುವುದಿಲ್ಲ. ಪೇಲೋಡ್ ಫೀಲ್ಡ್ ಇರುವುದು ಇಂಥ ಹೊತ್ತಿಗೇ. ಅದು ನಮ್ಮದೇ ಡೇಟಾಕ್ಕೆ ಒಂದು ಪಾಯಿಂಟರ್, ಎರಡೂ ಕಾಲ್‌ಬ್ಯಾಕ್‌ಗೆ ಅದೇ ಹೋಗುತ್ತದೆ. ಡೆಲ್ಟಾ ಬಂದಾಗ ಫೈಲಿನ ಹೆಸರನ್ನು ಅಲ್ಲಿ ಬರೆದಿಟ್ಟರೆ ಹಂಕ್ ಬಂದಾಗ ಓದಿಕೊಳ್ಳಬಹುದು. ಸಾಲುಗಳನ್ನೇ ನೋಡಬೇಕಿದ್ದರೆ, ಉದಾಹರಣೆಗೆ ಯಾರೋ ಪಾಸ್‌ವರ್ಡ್ ಸೇರಿಸಿದ್ದಾರೆಯೇ ಎಂದು ಹುಡುಕಬೇಕಿದ್ದರೆ, ಅಪ್ಲೈ ಮಾಡುವ ಮೊದಲೇ ಡಿಫ್‌ನಿಂದ ಪ್ಯಾಚ್ ತೆಗೆದು ಓದಬೇಕು. ಬೈನರಿ ಫೈಲುಗಳಿಗೆ ಹಂಕ್‌ಗಳೇ ಇರುವುದಿಲ್ಲ, ಚಿತ್ರವೊಂದು ಬದಲಾಗಿದ್ದರೆ ಡೆಲ್ಟಾ ಕಾಲ್‌ಬ್ಯಾಕ್ ಮಾತ್ರ ಬರುತ್ತದೆ. ಡಿಫ್ ತಯಾರಿಸುವಾಗ ಬೈನರಿ ಡೇಟಾ ಸೇರಿಸಲು ಮರೆತಿದ್ದರೆ ಅಪ್ಲೈ ಮಾಡುವಾಗ ಡೇಟಾ ಇಲ್ಲವೆಂದು ಎರರ್ ಬರುತ್ತದೆ. ಕಾರಣ ಹುಡುಕುತ್ತಾ ಆಪ್ಷನ್ಸ್ ಒಳಗೆ ಅಲೆಯಬೇಡಿ, ತಪ್ಪು ಡಿಫ್ ಮಾಡಿದ ಕಡೆ ಇರುತ್ತದೆ.

ಕೊನೆಯದು ಫ್ಲ್ಯಾಗ್ಸ್. ಇದರಲ್ಲಿರುವುದು ಚೆಕ್: ಪ್ಯಾಚ್ ಹೊಂದುತ್ತದೆಯೇ ನೋಡು, ಏನನ್ನೂ ಬರೆಯಬೇಡ. ಲೈಬ್ರರಿ ಹೊಸ ಫೈಲುಗಳನ್ನೆಲ್ಲ ಮೊದಲು ಸಿದ್ಧಮಾಡಿಕೊಳ್ಳುತ್ತದೆ, ಎಲ್ಲವೂ ಹೊಂದಿದ ಮೇಲೆಯೇ ಅವನ್ನು ಜಾಗಕ್ಕೆ ಬರೆಯಲು ಹೊರಡುತ್ತದೆ. ಚೆಕ್ ಹಾಕಿದರೆ ಬರೆಯುವ ಹಂತಕ್ಕೆ ಮೊದಲೇ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಹತ್ತನೇ ಫೈಲ್ ಹೊಂದದೆ ಹೋದರೆ ಮೊದಲ ಒಂಬತ್ತು ಬದಲಾಗಿರುತ್ತವೆಯೇ ಎಂಬ ಭಯಕ್ಕೆ ಚೆಕ್ ಮಾಡಬೇಕಿಲ್ಲ. ಬಳಕೆದಾರರಿಗೆ ಮುಂಚಿತವಾಗಿ ಹೌದು, ಇಲ್ಲ ಎಂದು ತೋರಿಸಲು ಚೆಕ್ ಬೇಕು. ಚೆಕ್ ಮಾಡುವಾಗಲೂ ಕಾಲ್‌ಬ್ಯಾಕ್‌ಗಳು ಓಡುತ್ತವೆ ಎಂಬುದನ್ನು ಮಾತ್ರ ಮರೆಯಬಾರದು. ಪೇಲೋಡ್‌ನಲ್ಲಿ ಹಂಕ್ ಎಣಿಸುತ್ತಿದ್ದು, ಚೆಕ್ ಮಾಡಿ ಆಮೇಲೆ ಅಪ್ಲೈ ಮಾಡಿದರೆ ಲೆಕ್ಕ ಇಮ್ಮಡಿಯಾಗುತ್ತದೆ.

ಪೈಗಿಟ್2 ಬಳಸುವವರಿಗೆ ಇಲ್ಲಿ ಇನ್ನೊಂದು ತೊಡಕು. ಅದರಲ್ಲಿ ಪರೀಕ್ಷಿಸುವ ಮೆಥಡ್ ‘ಅಪ್ಲೈಸ್’, ಹಾಕುವ ಮೆಥಡ್ ‘ಅಪ್ಲೈ’. ಜಾಗ ಹೇಳದೆ ಬಿಟ್ಟರೆ ಮೊದಲನೆಯದು ಇಂಡೆಕ್ಸನ್ನು ನೋಡುತ್ತದೆ, ಎರಡನೆಯದು ವರ್ಕ್‌ಡಿರ್‌ಗೆ ಬರೆಯುತ್ತದೆ. ಪರೀಕ್ಷೆ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಎರಡಕ್ಕೂ ಜಾಗವನ್ನು ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಹೊಂದದಿದ್ದಾಗ ಬರುವ ಎರರ್ ಸಂಖ್ಯೆ ಮೈನಸ್ 35. ಯಾವ ಸಾಲಿನ ಹಂಕ್ ಎಂದು ಸಂದೇಶದಲ್ಲಿರುತ್ತದೆ, ಅದನ್ನು ಲಾಗ್ ಮಾಡಿ. ಕಮಾಂಡ್ ಆದರೆ ಸಾಲು ಕೊಂಚ ಜರುಗಿದ್ದರೂ ಮೇಲೆ ಕೆಳಗೆ ಹುಡುಕಿ ಹೊಂದಿಸುತ್ತದೆ, ಕೇಳಿದರೆ ಮೂರು ಬದಿಯ ಮರ್ಜ್ ಪ್ರಯತ್ನಿಸುತ್ತದೆ, ಹೊಂದದ ಹಂಕ್‌ಗಳನ್ನು ಬೇರೆ ಫೈಲಿಗೆ ತಳ್ಳುತ್ತದೆ, ಸಾಲಿನ ಕೊನೆಯ ಖಾಲಿ ಜಾಗವನ್ನೂ ತಿದ್ದುತ್ತದೆ. ಆಪ್ಷನ್ಸ್ ಸ್ಟ್ರಕ್ಟ್‌ನಲ್ಲಿ ಇವಕ್ಕೆಲ್ಲ ಗುಂಡಿಗಳಿಲ್ಲ. ಪ್ಯಾಚನ್ನು ಹಿಂದೆಗೆಯಬೇಕಿದ್ದರೆ ಡಿಫ್ ತಯಾರಿಸುವಾಗಲೇ ರಿವರ್ಸ್ ಫ್ಲ್ಯಾಗ್ ಹಾಕಬೇಕು. ಮರ್ಜ್ ಬೇಕಿದ್ದರೆ ಪ್ಯಾಚ್ ಬಿಟ್ಟು ಚೆರಿಪಿಕ್ ಅಥವಾ ಟ್ರೀ ಮರ್ಜ್ ಫಂಕ್ಷನ್‌ಗಳ ಕಡೆ ಹೋಗಬೇಕು.

ಸರ್ವರ್‌ನಲ್ಲಿ ವರ್ಕಿಂಗ್ ಡೈರೆಕ್ಟರಿಯೇ ಇಲ್ಲದ ಬೇರ್ ರೆಪೊ ಇದ್ದರೆ ‘ಅಪ್ಲೈ ಟು ಟ್ರೀ’ ಫಂಕ್ಷನ್ ಇದೆ. ಅದಕ್ಕೂ ಇದೇ ಆಪ್ಷನ್ಸ್ ಹೋಗುತ್ತದೆ, ಜಾಗದ ಪ್ರಶ್ನೆ ಮಾತ್ರ ಏಳುವುದಿಲ್ಲ. ಒಂದು ಟ್ರೀ ಮತ್ತು ಡಿಫ್ ಕೊಟ್ಟರೆ ಮೆಮೊರಿಯಲ್ಲೇ ಇರುವ ಹೊಸ ಇಂಡೆಕ್ಸ್ ವಾಪಸ್ ಬರುತ್ತದೆ. ಡಿಸ್ಕಿನ ಯಾವ ಫೈಲೂ ಅಲುಗುವುದಿಲ್ಲ. ಫಲಿತಾಂಶ ಸರಿಯೆನಿಸಿದರೆ ಆ ಇಂಡೆಕ್ಸನ್ನು ಟ್ರೀ ಆಗಿ ಬರೆದು ಅದರ ಮೇಲೆ ಕಮಿಟ್ ಮಾಡಬಹುದು, ಬೇಡವೆನಿಸಿದರೆ ಇಂಡೆಕ್ಸನ್ನು ಫ್ರೀ ಮಾಡಿದರಾಯಿತು.