ಪ್ರಾಣವಾಯು ವಿರಳವಾದ ಕಡಲಾಳದ ಹವಳ

ಸಂಸ್ಕೃತದಲ್ಲಿ 'ಪ್ರವಾಳ'ವೆಂದರೆ ಹವಳವೂ ಅಹುದು, ಚಿಗುರೂ ಅಹುದು. 'ವಿದ್ರುಮ' ಶಬ್ದದಲ್ಲಿಯೂ ಮರವೇ ಅಡಗಿದೆ. ಕವಿಸಮಯಕ್ಕೆ ಇದು ಒಪ್ಪುವುದಾದರೂ ವಸ್ತುತಃ ಹವಳವು ಪ್ರಾಣಿ. ಬಿಸಿಲು ತಾಗುವ ಬೆಚ್ಚನೆಯ ನೀರೇ ಅದರ ನೆಲೆಯೆಂಬ ನಂಬಿಕೆಯೂ ಪೂರ್ಣಸತ್ಯವಲ್ಲ. ಲೋಫೀಲಿಯಾ ಎಂದು ರೂಢಿಯಲ್ಲಿರುವ ಹವಳವು ಬೆಳಕಿಲ್ಲದ ತಣ್ಣನೆಯ ಆಳದಲ್ಲಿ ದಿಬ್ಬಗಳನ್ನೇ ಕಟ್ಟುತ್ತದೆ. ಬಿಸಿಲನ್ನುಂಡು ಬೆಳೆಯುವ ಪಾಚಿಯ ನೆರವು ಇದಕ್ಕಿಲ್ಲ. ನೀರು ಹೊತ್ತು ತಂದ ಆಹಾರಕಣಗಳೇ ಜೀವನಾಧಾರ.

ಇಂತಹ ಹವಳಕ್ಕೆ ಪ್ರಾಣವಾಯುವು ಧಾರಾಳವಾಗಿ ಬೇಕೆಂದು ವಿದ್ವಾಂಸರು ಎಣಿಸಿದ್ದರು. 2016ರಲ್ಲಿ ಜರ್ಮನಿಯ 'ಮೆಟೆಯೋರ್' ನೌಕೆಯವರು ಆಫ್ರಿಕದ ಅಂಗೋಲಾ ಕರಾವಳಿಯಾಚೆ ಕಂಡುದು ಬೇರೆ. ಅಲ್ಲಿ ಲೀಟರು ನೀರಿಗೆ ಪ್ರಾಣವಾಯು 0.6ರಿಂದ 1.5 ಮಿಲಿಲೀಟರು ಮಾತ್ರ. ಈಶಾನ್ಯ ಅಟ್ಲಾಂಟಿಕದ ಹವಳನೆಲೆಗಳಲ್ಲಿ ಅದು ಇದರ ಹಲವು ಪಾಲು. ಆದರೂ ಹವಳವು ಸೊಂಪಾಗಿ ಬೆಳೆದಿತ್ತು. ಉಸಿರಿನ ಕೊರತೆಯನ್ನು ಅನ್ನದ ಸಮೃದ್ಧಿಯು ತುಂಬಿಕೊಡುವುದೆಂಬುದು ಶೋಧಕರ ಅಭಿಪ್ರಾಯ. ಮೇಲ್ನೀರಿನಲ್ಲಿ ಹುಟ್ಟಿದ ಜೀವಕಣಗಳನ್ನು ಉಬ್ಬರವಿಳಿತದಿಂದ ಕಡಲೊಳಗೆ ಏಳುವ ಅಲೆಗಳು ದಿಬ್ಬಗಳಿಗೆ ತಲಪಿಸುತ್ತವೆ.

ಹಾಗೆಂದು ಅನ್ನವೊಂದೇ ಸಾಕೆನ್ನಲಾಗದು. ದಕ್ಷಿಣಕ್ಕಿರುವ ನಮೀಬಿಯಾದ ಕಡಲಿನಲ್ಲಿ ಅದೇ ಯಾತ್ರೆಯವರು ಅಳೆದಾಗ ಪ್ರಾಣವಾಯು 0.15 ಮಿಲಿಲೀಟರನ್ನು ಮೀರಲಿಲ್ಲ. ಅಲ್ಲಿಯ ದಿಬ್ಬಗಳಲ್ಲಿದ್ದುದು ಸಾವಿರಾರು ವರ್ಷಗಳ ಹಿಂದೆಯೇ ಸತ್ತ ಹವಳದ ಕಂಕಾಲ.